ಹಳೇ ಕ್ಯಾಲ್ಕುಲೇಟರ್ ಚಿಪ್‌ಗೆ ಟೆಸ್ಟ್ ಅಡಾಪ್ಟರ್ ಮಾಡುವುದು ಹೇಗೆ?

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಪ್ಯಾನೆಲ್ ವೈರಿಂಗ್, ಮೇಂಟೆನೆನ್ಸ್ ಮಾಡುವವರಿಗೆ ಸೋಲ್ಡರಿಂಗ್ ಐರನ್ನೂ ಮಲ್ಟಿಮೀಟರೂ ಹೊಸದಲ್ಲ. ಅಂಥವರು ರಜೆಯ ದಿನ ಕೈಹಾಕಬಹುದಾದ ಕೆಲಸವೊಂದಿದೆ: ಐವತ್ತು ವರ್ಷ ಹಳೆಯ ಕ್ಯಾಲ್ಕುಲೇಟರ್ ಚಿಪ್ ಇನ್ನೂ ಕೆಲಸ ಮಾಡುತ್ತದೆಯೇ ಎಂದು ನೋಡುವ ಅಡಾಪ್ಟರ್. ರಾಮನಗರ, ಕನಕಪುರದ ಗುಜರಿ ಅಂಗಡಿಗಳಲ್ಲಿ ಕೆಂಪು ಅಂಕಿಯ ಹಳೇ ಕ್ಯಾಲ್ಕುಲೇಟರ್ ಕಣ್ಣಿಗೆ ಬಿದ್ದರೆ ಬಿಡಬೇಡಿ. ಅದರೊಳಗಿನ ಚಿಪ್ಪನ್ನು ಈಗ ಯಾರೂ ತಯಾರಿಸುವುದಿಲ್ಲ, ಸುಟ್ಟರೆ ಇನ್ನೊಂದು ಸಿಗುವ ಖಾತ್ರಿಯೂ ಇಲ್ಲ. ಹಾಗಾಗಿ ಇಲ್ಲಿ ಹೇಳುವ ಪ್ರತಿ ಹೆಜ್ಜೆಯೂ ಮೊದಲು ಚಿಪ್ಪನ್ನು ಕಾಪಾಡುವ ಲೆಕ್ಕದ್ದು.

ಯಾವ ಚಿಪ್‌ನಿಂದ ಶುರು?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಎಂಎಸ್ 1000 ಕುಟುಂಬ ಕಲಿಯುವವರಿಗೆ ಒಳ್ಳೆಯದು. ಒಂದೇ ಚಿಪ್ಪಿನ ಕ್ಯಾಲ್ಕುಲೇಟರನ್ನು ಈ ಕಂಪನಿ 1971ರಲ್ಲಿ ಪ್ರಕಟಿಸಿತು. ಟಿಎಂಎಸ್ 1000 ಬಂದದ್ದು 1974ರಲ್ಲಿ. ನಾಲ್ಕು ಬಿಟ್, 28 ಕಾಲು, ಒಳಗೆ ಒಂದು ಕಿಲೋಬೈಟ್ ಪ್ರೋಗ್ರಾಂ. ರಾಕ್‌ವೆಲ್‌ನ ಕೆಲವು ಚಿಪ್‌ಗಳ ಕಾಲುಗಳು ಒಂದು ಒಳಗೆ ಒಂದು ಹೊರಗೆ ಇರುವುದರಿಂದ ಮಾಮೂಲಿ ಸಾಕೆಟ್ಟಿನಲ್ಲಿ ಕೂರುವುದಿಲ್ಲ, ಸದ್ಯಕ್ಕೆ ಬೇಡ.

ಚಿಪ್ಪನ್ನು ಬೋರ್ಡಿನಿಂದ ಕೀಳುವ ಮೊದಲು ನಕ್ಷೆ ಬರೆದುಕೊಳ್ಳಿ. ಪ್ರೋಗ್ರಾಂ ಕಾರ್ಖಾನೆಯಲ್ಲೇ ಅಚ್ಚಾಗಿರುವುದರಿಂದ ಯಾವ ಗುಂಡಿ ಯಾವ ಕಾಲಿಗೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಮಲ್ಟಿಮೀಟರನ್ನು ಬಝರ್‌ಗೆ ಹಾಕಿ ಕೀಪ್ಯಾಡಿನ ಗೆರೆಗಳು, ಡಿಸ್‌ಪ್ಲೇ, ಬ್ಯಾಟರಿಯ ಎರಡು ತುದಿ ಎಲ್ಲವನ್ನೂ 28 ಸಾಲಿನ ಪಟ್ಟಿಯಲ್ಲಿ ತುಂಬಿ. ಟಿಎಂಎಸ್ 1000ದಲ್ಲಿ 4ನೇ ಕಾಲು ವಿಡಿಡಿ, 20ನೇದು ವಿಎಸ್‌ಎಸ್. ಉಳಿದ ಚಿಪ್‌ಗಳೂ ಹೀಗೇ ಎಂದುಕೊಳ್ಳಬೇಡಿ.

ಸಾಮಾನು

ಅಗಲವಾದ 28 ಕಾಲಿನ ಜಿಫ್ ಸಾಕೆಟ್, ಗ್ಲಾಸ್ ಎಪಾಕ್ಸಿ ಬೋರ್ಡು, 34 ಪಿನ್ನಿನ ಎಫ್‌ಆರ್‌ಸಿ ಕನೆಕ್ಟರ್, 10 ಕಿಲೋಓಮ್ ರೆಸಿಸ್ಟರ್‌ಗಳು, ಪಿಸಿ 817 ಆಪ್ಟೋಕಪ್ಲರ್, ಒಂದು ಆರ್ಡುಯಿನೋ ಮೆಗಾ. ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಹಾರೋಹಳ್ಳಿಯಿಂದ ಬಸ್ಸಿನಲ್ಲಿ ರೇಷ್ಮೆ ಸಂಸ್ಥೆ ನಿಲ್ದಾಣ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆ, ಮುಂದೆ ನಡಿಗೆಯ ದೂರ.

ಅಡಾಪ್ಟರನ್ನು ಎರಡು ಭಾಗ ಮಾಡಿ. ತಾಯಿ ಬೋರ್ಡ್ ಒಂದೇ: ಅದರಲ್ಲಿ ಪವರ್, ಆರ್ಡುಯಿನೋ, ಆಪ್ಟೋಕಪ್ಲರ್. ಚಿಪ್ಪಿನ ಮಾಡೆಲ್‌ಗೊಂದರಂತೆ ಸಾಕೆಟ್ ಇರುವ ಮರಿ ಬೋರ್ಡ್. ಎಲ್ಲ ಚಿಪ್‌ಗೂ ಒಂದೇ ಬೋರ್ಡ್ ಮಾಡಿ ಜಂಪರ್ ಬದಲಿಸುವ ಆಸೆ ಬೇಡ, ತಪ್ಪು ಜಂಪರ್ ಒಂದೇ ಸಾಕು ಚಿಪ್ ಹೋಗಲು. ಎರಡು ಬೋರ್ಡನ್ನೂ ಜೋಡಿಸುವ ಎಫ್‌ಆರ್‌ಸಿ ಕನೆಕ್ಟರಿನ ಮೂತಿ ಉಲ್ಟಾ ಹಾಕಲು ಬಿಡುವುದಿಲ್ಲ, ಅದಕ್ಕೇ ಅದನ್ನು ಸೂಚಿಸಿದ್ದು.

ಪವರ್: ಇಲ್ಲಿ ನಿಧಾನಿಸಿ

24 ವೋಲ್ಟ್ ಪ್ಯಾನೆಲ್‌ನಲ್ಲಿ ಮೈನಸ್ಸನ್ನು ಕಾಮನ್ ಮಾಡಿ ರೂಢಿಯಾದವರು ಎಡವುವುದೇ ಇಲ್ಲಿ. ಇವು ಪಿ-ಚಾನೆಲ್ ಮಾಸ್ ಚಿಪ್‌ಗಳು. ವಿಎಸ್‌ಎಸ್ ಎಂಬ ಕಾಲೇ ಅತಿ ಹೆಚ್ಚು ಪಾಸಿಟಿವ್, ವಿಡಿಡಿ ಅದಕ್ಕಿಂತ 15 ವೋಲ್ಟ್ ಕೆಳಗೆ. ಚಿಪ್ಪಿನ ತಳಪದರ ವಿಎಸ್‌ಎಸ್‌ಗೆ ಸೇರಿರುತ್ತದೆ. ಯಾವುದೇ ಕಾಲು ವಿಎಸ್‌ಎಸ್‌ಗಿಂತ ಅರ್ಧ ವೋಲ್ಟ್ ಮೇಲೇರಿದರೂ ಒಳಗಿನ ಡಯೋಡ್ ತೆರೆದುಕೊಂಡು ಹರಿಯಬಾರದ ಕಡೆ ಕರೆಂಟ್ ಹರಿಯುತ್ತದೆ.

ಪರಿಹಾರ ಸುಲಭ. ಡ್ಯುಯಲ್ ಪವರ್ ಸಪ್ಲೈಯ ಎರಡು ಚಾನೆಲ್ಲನ್ನು ಸೀರೀಸ್ ಜೋಡಿಸಿ, ನಡುವಿನ ಬಿಂದುವನ್ನು ಸೊನ್ನೆ ಎಂದಿಟ್ಟುಕೊಳ್ಳಿ. ವಿಎಸ್‌ಎಸ್‌ಗೆ +5, ವಿಡಿಡಿಗೆ −10. ಚಿಪ್‌ಗೆ ಅದರ 15 ವೋಲ್ಟ್ ಸಿಕ್ಕಿತು. 9 ವೋಲ್ಟ್ ಬ್ಯಾಟರಿಯ ಚಿಪ್ ಆದರೆ +5 ಮತ್ತು −4. ಈ ಜೋಡಣೆಯಿಂದ ಇನ್ನೊಂದು ಲಾಭವಿದೆ: ಈ ಚಿಪ್‌ಗಳ ಔಟ್‌ಪುಟ್ ವಿಎಸ್‌ಎಸ್‌ ಕಡೆಗೆ ಮಾತ್ರ ಎಳೆಯುತ್ತದೆ, ಕೆಳಕ್ಕೆ ಎಳೆಯಲು ಹೊರಗೆ ರೆಸಿಸ್ಟರ್ ಬೇಕು. ಆ 10 ಕಿಲೋಓಮನ್ನು −10ರ ಬದಲು ಸೊನ್ನೆಗೆ ಕಟ್ಟಿ. ಸಿಗ್ನಲ್ 0ಯಿಂದ 5 ವೋಲ್ಟ್ ನಡುವೆಯೇ ಆಡುವುದರಿಂದ ಆರ್ಡುಯಿನೋ ನೇರವಾಗಿ ಓದಬಹುದು. ಆರ್ಡುಯಿನೋಗೂ ಅದೇ +5 ಕೊಡಿ. ಯುಎಸ್‌ಬಿಯಿಂದ ಬೇರೆ 5 ವೋಲ್ಟ್ ಬಂದರೆ ಎರಡರ ನಡುವಿನ ವ್ಯತ್ಯಾಸವೇ ಅಪಾಯ.

ಗುಂಡಿಯ ಇನ್‌ಪುಟ್‌ ಕಾಲುಗಳನ್ನು ಮಾತ್ರ ಆರ್ಡುಯಿನೋಗೆ ಸೇರಿಸಕೂಡದು, ಅವು ಒಳಗಿನಿಂದ −10ಕ್ಕೆ ಜೋತುಬಿದ್ದಿರುತ್ತವೆ. ಮೊದಲು ಸಾದಾ ಪುಶ್ ಬಟನ್ ಹಾಕಿ. ಆಮೇಲೆ ಆರ್ಡುಯಿನೋದಿಂದಲೇ ಗುಂಡಿ ಒತ್ತಿಸಲು ಪಿಸಿ 817: ಅದರ ಕಲೆಕ್ಟರ್ ಕೀಪ್ಯಾಡಿಗೆ ಸರದಿಯಂತೆ ಪಲ್ಸ್ ಕೊಡುವ ಸ್ಕ್ಯಾನ್ ಗೆರೆಗೆ, ಎಮಿಟರ್ ಇನ್‌ಪುಟ್‌ಗೆ.

ಕ್ಲಾಕ್‌ಗೆ ಟಿಎಂಎಸ್ 1000ದಲ್ಲಿ ಒಳಗೇ ಆಸಿಲೇಟರ್ ಇದೆ. ಹೊರಗೆ ಸುಮಾರು 47 ಕಿಲೋಓಮ್, 47 ಪಿಕೋಫ್ಯಾರಡ್ ಸಾಕು. ವೇಗ 100ರಿಂದ 400 ಕಿಲೋಹರ್ಟ್ಸ್ ಒಳಗಿರಲಿ.

ಚಿಪ್ ಕೂರಿಸುವುದು ಕೊನೆಗೆ

ಖಾಲಿ ಸಾಕೆಟ್ಟಿಗೆ ಪವರ್ ಕೊಟ್ಟು, ಮೀಟರಿನ ಕೆಂಪು ಪ್ರೋಬನ್ನು ವಿಎಸ್‌ಎಸ್‌ಗೆ ಹಿಡಿದು, ಕಪ್ಪು ಪ್ರೋಬಿನಿಂದ ಉಳಿದ 27 ಕಾಲುಗಳನ್ನೂ ಮುಟ್ಟಿ ನೋಡಿ. ಒಂದರಲ್ಲೂ ಮೈನಸ್ ಓದಿಕೆ ಬರಬಾರದು. ಪವರ್ ಆರಿಸಿ, ಕೈಗೆ ಕಾರ್ಖಾನೆಯಲ್ಲಿ ಕಟ್ಟುವಂಥ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡು ಚಿಪ್ ಕೂರಿಸಿ. ಫೆಬ್ರುವರಿ, ಮಾರ್ಚ್‌ನ ಒಣ ಹವೆಯಲ್ಲಿ ಪಾಲಿಯೆಸ್ಟರ್ ಯೂನಿಫಾರ್ಮಿನ ಕಿಡಿಯೇ ಸಾಕು ಚಿಪ್ ಕೊಲ್ಲಲು. ಕಪ್ಪಿಟ್ಟ ಬೆಳ್ಳಿ ಲೇಪದ ಕಾಲುಗಳು ಬೇಗ ಮುರಿಯುತ್ತವೆ. ಟರ್ನ್ಡ್ ಪಿನ್ ಸಾಕೆಟ್ಟೊಂದಕ್ಕೆ ಚಿಪ್ಪನ್ನು ಒಮ್ಮೆ ಕೂರಿಸಿಬಿಟ್ಟರೆ ಮುಂದೆ ಸವೆಯುವುದು ಸಾಕೆಟ್ಟಿನ ಪಿನ್ ಮಾತ್ರ.

ವಿಡಿಡಿ ಕಡೆಯ ಚಾನೆಲ್ಲಿನ ಕರೆಂಟ್ ಲಿಮಿಟ್ 30 ಮಿಲಿಆಂಪ್‌ಗೆ ಇಡಿ. ಆ ಸೌಲಭ್ಯ ಇಲ್ಲದಿದ್ದರೆ ವಿಡಿಡಿ ದಾರಿಯಲ್ಲಿ 100 ಓಮ್ ರೆಸಿಸ್ಟರ್ ಹಾಕಿ. 10 ಮಿಲಿಆಂಪ್ ಹರಿದರೆ ಅದರ ಎರಡು ತುದಿಗೆ 1 ವೋಲ್ಟ್ ಕಾಣುತ್ತದೆ. ಇನಿಟ್ ಕಾಲನ್ನು ಕ್ಷಣಮಾತ್ರ ವಿಎಸ್‌ಎಸ್‌ಗೆ ಮುಟ್ಟಿಸಿದರೆ ರೀಸೆಟ್. ಸ್ಕ್ಯಾನ್ ಗೆರೆಗಳಲ್ಲಿ ಒಂದಾದ ಮೇಲೊಂದು ಪಲ್ಸ್ ಬಂದರೆ ಚಿಪ್ ಓಡುತ್ತಿದೆ ಎಂದೇ ಅರ್ಥ.

ಎಂಟು ಅಂಕಿಯ ಕ್ಯಾಲ್ಕುಲೇಟರ್ ಚಿಪ್ ಆದರೆ ಮೊದಲು 88888888 ಒತ್ತಿ, ಎಲ್ಲ ಸೆಗ್ಮೆಂಟೂ ಪರೀಕ್ಷೆಯಾಗುತ್ತದೆ. ನಂತರ 12345679 × 8. ಉತ್ತರ 98765432 ಬರಬೇಕು. ಅದನ್ನೇ 8ರಿಂದ ಭಾಗಿಸಿದರೆ ಮೊದಲಿನ ಸಂಖ್ಯೆ ವಾಪಸ್. ಕೊನೆಗೆ 1 ÷ 0 ಒತ್ತಿ ದೋಷದ ಗುರುತು ಬರುತ್ತದೆಯೇ ನೋಡಿ.

ಪಲ್ಸೇ ಇಲ್ಲದಿದ್ದರೂ ಚಿಪ್ ಸತ್ತಿದೆ ಎಂದು ಬಿಸಾಡಬೇಡಿ. ಆಸಿಲೇಟರ್ ಕಾಲಿನಲ್ಲಿ ಕಂಪನವಿದೆಯೇ ಸ್ಕೋಪಿನಲ್ಲಿ ನೋಡಿ, ಇಲ್ಲವಾದರೆ ರೆಸಿಸ್ಟರ್, ಕೆಪಾಸಿಟರ್ ಬದಲಿಸಿ, ಕಾಲುಗಳ ಕಪ್ಪನ್ನು ಮೆತ್ತಗೆ ಒರೆಸಿ ಇನ್ನೊಮ್ಮೆ ಕೂರಿಸಿ. ಆಮೇಲೂ ಆಗದಿದ್ದರೆ ಕಪ್ಪು ಕಂಡಕ್ಟಿವ್ ಫೋಮಿಗೆ ಚುಚ್ಚಿ, ಕಂಡ ಲಕ್ಷಣವನ್ನು ಚೀಟಿಯಲ್ಲಿ ಬರೆದು ಎತ್ತಿಡಿ.