ಚಂಡಮಾರುತದ ಅನಂತರದ ಆರೋಗ್ಯರಕ್ಷಣೆ

2021ನೆಯ ಇಸವಿಯ ಮೇ ತಿಂಗಳ ಮಧ್ಯಭಾಗದಲ್ಲಿ ಅರಬ್ಬೀ ಸಮುದ್ರದಲ್ಲಿ ಎದ್ದ ‘ತೌಕ್ತೆ’ ಚಂಡಮಾರುತವು ಕರ್ನಾಟಕದ ಕರಾವಳಿಯ ಅಂಚಿನಲ್ಲಿಯೇ ಸಾಗಿ, ಮೇ 17ರ ರಾತ್ರಿ ಗುಜರಾತಿನ ತೀರವನ್ನು ಅಪ್ಪಳಿಸಿತು. ನಮ್ಮ ರಾಜ್ಯದ ನೆಲವನ್ನು ಅದು ನೇರವಾಗಿ ಹೊಗಲಿಲ್ಲ. ಆದರೂ ಉಳ್ಳಾಲ, ಸೋಮೇಶ್ವರ, ಮರವಂತೆ ಮೊದಲಾದೆಡೆ ಕಡಲು ಉಕ್ಕಿ ದಡವನ್ನು ಕೊರೆಯಿತು. ಮನೆಗಳೂ ರಸ್ತೆಗಳೂ ತೆಂಗಿನ ಮರಗಳೂ ನೀರುಪಾಲಾದವು. ಹಾನಿಗೊಳಗಾದ ಜಿಲ್ಲೆಗಳ ಸರಕಾರಿ ಪಟ್ಟಿಯಲ್ಲಿ ಕರಾವಳಿಯ ಮೂರು ಜಿಲ್ಲೆಗಳೊಂದಿಗೆ ಕೊಡಗು, ಚಿಕ್ಕಮಗಳೂರು, ಹಾಸನಗಳ ಹೆಸರೂ ಇದ್ದವು.

ಹಾಸನದ ಹೆಸರು ಆ ಪಟ್ಟಿಯಲ್ಲಿದ್ದುದು ಆಶ್ಚರ್ಯವಲ್ಲ. ಕಡಲಿನ ಗಾಳಿ ಘಟ್ಟವನ್ನೇರಿ ಬಂದಾಗ ಮೊದಲು ನೆನೆಯುವುದು ಸಕಲೇಶಪುರ, ಬೇಲೂರು ಸೀಮೆಗಳು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕೊಯ್ಲಿಗೆ ಬಂದ ರಾಗಿಯ ಮೇಲೆ ಜಡಿಮಳೆ ಹಿಡಿಯುವುದು ಅರಸೀಕೆರೆಯ ಬಯಲಿನಲ್ಲಿ. ಇದಲ್ಲದೆ ಅರಸೀಕೆರೆಯಿಂದ ಹೊರಟ ರೈಲುಹಾದಿ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯಗಳ ಮೂಲಕ ಮಂಗಳೂರನ್ನು ಮುಟ್ಟುತ್ತದೆ. ನಮ್ಮ ಊರುಗಳ ಎಷ್ಟೋ ಮಕ್ಕಳು ಮಂಗಳೂರು, ಉಡುಪಿಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಕರಾವಳಿಗೆ ಕಷ್ಟ ಬಂತೆಂದರೆ ಹಳೇಬೀಡು, ಬೇಲೂರುಗಳಿಂದ ಅಕ್ಕಿ ಮೂಟೆ ಹೇರಿಕೊಂಡು ಘಟ್ಟ ಇಳಿಯಲು ಸಿದ್ಧರಾಗುವ ಯುವಕರಿಗೂ ಕೊರತೆಯಿಲ್ಲ. ಆದ್ದರಿಂದ ಈ ಪಾಠವನ್ನು ಎರಡು ಬಗೆಯ ಓದುಗರಿಗಾಗಿ ಬರೆಯುತ್ತಿದ್ದೇವೆ: ಗಾಳಿಮಳೆಗೆ ಸ್ವತಃ ಸಿಕ್ಕವರು, ಮತ್ತು ಸಿಕ್ಕವರ ಸೇವೆಗೆ ಹೋಗುವವರು.

ಗಾಳಿ ಬೀಸುವ ದಿನದ ಭಯ ಎಲ್ಲರಿಗೂ ತಿಳಿದದ್ದು. ಅದು ನಿಂತ ಮೇಲಿನ ವಾರಗಳ ಅಪಾಯ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಆಡಳಿತಕ್ಕೆ ಒಳಪಟ್ಟ ಪೋರ್ಟೊ ರಿಕೊ ದ್ವೀಪಕ್ಕೆ 2017ರ ಸೆಪ್ಟೆಂಬರಿನಲ್ಲಿ ‘ಮರಿಯಾ’ ಚಂಡಮಾರುತ ಬಡಿಯಿತು. ಸತ್ತವರು 64 ಮಂದಿ ಎಂದು ಸರಕಾರ ಹೇಳಿತ್ತು. ಮರುವರ್ಷ ವಿಶ್ವವಿದ್ಯಾಲಯದ ತಜ್ಞರು ಅನಂತರದ ತಿಂಗಳುಗಳ ಮರಣಗಳನ್ನು ಹಿಂದಿನ ವರ್ಷಗಳ ಲೆಕ್ಕದೊಡನೆ ಹೋಲಿಸಿ ನೋಡಿದಾಗ, ಹೆಚ್ಚುವರಿ ಸಾವುಗಳ ಸಂಖ್ಯೆ 2,975 ಎಂದು ಕಂಡುಬಂದಿತು. ಸರಕಾರವೂ ಅದನ್ನೇ ಒಪ್ಪಿತು. ತಿಂಗಳುಗಟ್ಟಲೆ ವಿದ್ಯುತ್ತಿಲ್ಲದ, ರಸ್ತೆ ಕಡಿದುಹೋದ, ಔಷಧ ಸಿಗದ ಆ ಕಾಲದಲ್ಲಿ ಹೆಚ್ಚು ಬಲಿಯಾದವರು ವೃದ್ಧರು ಮತ್ತು ಬಡವರು. ಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆಮೇಲಿನ ಸಾವುಗಳಲ್ಲಿ ಬಹುಪಾಲು ನಮ್ಮ ಎಚ್ಚರದ ಕೊರತೆಯಿಂದಲೇ ಆಗುವಂಥವು.

ಮೊದಲನೆಯ ಮಾತು ನೀರಿನದು. ಪ್ರವಾಹದ ನೀರು ಶೌಚದ ಗುಂಡಿ, ಕೊಟ್ಟಿಗೆ, ಚರಂಡಿಗಳನ್ನೆಲ್ಲ ತೊಳೆದುಕೊಂಡು ಬಾವಿಗೆ ಇಳಿದಿರುತ್ತದೆ. ಕೆಲವು ದಿನಗಳಲ್ಲಿ ಕೆಸರು ತಳಕ್ಕೆ ಕುಳಿತು ನೀರು ತಿಳಿಯಾಗಿ ಕಾಣಿಸಬಹುದು. ತಿಳಿಯಾದ ನೀರೆಲ್ಲ ಶುದ್ಧವೆಂದು ನಂಬಬಾರದು. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಬರುವುದು ಈ ದಾರಿಯಿಂದಲೇ. ಕುಡಿಯುವ ನೀರನ್ನು ಕುದಿಸಲೇಬೇಕು. ಚೆನ್ನಾಗಿ ಕುದಿ ಬಂದ ಮೇಲೂ ಒಂದು ನಿಮಿಷ ಒಲೆಯ ಮೇಲಿರಬೇಕು. ಸೌದೆ ನೆನೆದು ಒಲೆ ಹತ್ತದಿದ್ದರೆ ಆರೋಗ್ಯ ಕೇಂದ್ರದವರು ಕೊಡುವ ಕ್ಲೋರಿನ್ ಮಾತ್ರೆಯನ್ನು, ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಬಳಸಬೇಕು.

ಬಾವಿಯನ್ನು ಶುದ್ಧಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಏಕೆಂದರೆ ಒಂದು ಹಿಡಿ ಬ್ಲೀಚಿಂಗ್ ಪುಡಿಯನ್ನು ಮೇಲಿನಿಂದ ಎರಚಿ ಕೈತೊಳೆದುಕೊಳ್ಳುವ ರೂಢಿಯೇ ಎಲ್ಲೆಡೆ ಕಾಣುತ್ತದೆ. ಸಾಮಾನ್ಯ ದಿನಗಳಲ್ಲಿ ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಪ್ರವಾಹದ ನೀರು ಹೊಕ್ಕ ಬಾವಿಗೆ ಅದರ ಎರಡರಷ್ಟು, ಅಂದರೆ ಐದು ಗ್ರಾಂ ಬೇಕು. ಬಾವಿಯಲ್ಲಿ ಎಷ್ಟು ನೀರಿದೆಯೆಂದು ತಿಳಿಯಲು ಅದರ ಅಗಲವನ್ನು ಅದೇ ಅಗಲದಿಂದ ಗುಣಿಸಿ, ಬಂದುದನ್ನು ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಬೇಕು. ಅಳತೆಗಳು ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಬರುತ್ತದೆ. ಮೂರು ಮೀಟರ್ ಅಗಲದ, ಅಂದರೆ ಸುಮಾರು ಹತ್ತು ಅಡಿಯ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್. ಅದಕ್ಕೆ 140 ಗ್ರಾಂ ಪುಡಿ ಬೇಕಾಗುತ್ತದೆ.

ಮೊದಲು ಬಾವಿಯಲ್ಲಿ ಬಿದ್ದ ಸೋಗೆ, ಕಸ, ಸತ್ತ ಪ್ರಾಣಿಗಳನ್ನು ತೆಗೆಯಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಡನೆ ಹಿಟ್ಟಿನಂತೆ ಕಲಸಿ, ಬಳಿಕ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ ಹತ್ತು ನಿಮಿಷ ಬಿಡಬೇಕು. ತಳದಲ್ಲಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗ ಕಟ್ಟಿ ಬಾವಿಯ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಎಲ್ಲಕ್ಕಿಂತ ಅನುಕೂಲ. ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿ ದಿನದಿಂದ ದಿನಕ್ಕೆ ಸತ್ವ ಕಳೆದುಕೊಳ್ಳುತ್ತದೆ. ಪಂಚಾಯತಿಯ ಮೂಲೆಯಲ್ಲಿ ಹೋದ ವರ್ಷದಿಂದ ಬಿದ್ದಿರುವ ಚೀಲವನ್ನು ನಂಬಬಾರದು. ನಮ್ಮ ಕಡೆ ಕೊಳವೆ ಬಾವಿಗಳೇ ಹೆಚ್ಚು. ಕೊಳವೆಯ ಬಾಯಿ ನೀರಿನಲ್ಲಿ ಮುಳುಗಿದ್ದರೆ ಆ ಬಾವಿಯೂ ಕೆಟ್ಟಿತೆಂದೇ ತಿಳಿದು, ಅದನ್ನು ಶುದ್ಧಗೊಳಿಸಿ ಪರೀಕ್ಷೆ ಮಾಡಿಸುವವರೆಗೆ ನೀರನ್ನು ಕುದಿಸಿಯೇ ಕುಡಿಯಬೇಕು.

ಘಟ್ಟದ ಮೇಲಿನಿಂದ ಹೋದವರು ತಿಳಿಯಬೇಕಾದ ವಿಷಯ ಇನ್ನೊಂದಿದೆ. ಕಡಲಿನ ನೀರು ಹೊಕ್ಕ ಬಾವಿಯ ಉಪ್ಪು ಕುದಿಸಿದರೂ ಹೋಗದು, ಕ್ಲೋರಿನ್ ಹಾಕಿದರೂ ಹೋಗದು. ಉತ್ಸಾಹದಿಂದ ಪಂಪು ಹಚ್ಚಿ ಒಂದೇ ದಿನ ಬಾವಿ ಬರಿದುಮಾಡಿದರೆ ಸುತ್ತಣ ಉಪ್ಪುನೀರು ಮತ್ತೆ ಒಳಗೆ ನುಗ್ಗುತ್ತದೆ. ಬಾವಿಯ ಗೋಡೆಯೂ ಕುಸಿಯಬಹುದು. ಅಂಥ ಊರಿಗೆ ಟ್ಯಾಂಕರಿನ ಸಿಹಿನೀರು ಒದಗಿಸುವುದೇ ದೊಡ್ಡ ಸೇವೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಉಪ್ಪುನೀರು ಬಹಳ ಕೆಟ್ಟದ್ದು.

ಭೇದಿ ಆರಂಭವಾದರೆ ಮೊದಲ ಗಂಟೆಯಿಂದಲೇ ಓಆರ್‌ಎಸ್ ಕುಡಿಸಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಎರಡೂ ಮಟ್ಟಸವಾಗಿರಲಿ, ಗೋಪುರದಂತೆ ತುಂಬಬಾರದು. ಎಳೆಯ ಮಕ್ಕಳ ಎದೆಹಾಲನ್ನು ನಿಲ್ಲಿಸಬಾರದು.

ಎರಡನೆಯ ವೈರಿ ಇಲಿಜ್ವರ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಮಹಾಚಂಡಮಾರುತದ ಬಳಿಕವೂ, 2018ರ ಕೇರಳದ ಪ್ರವಾಹದ ಬಳಿಕವೂ ಇದು ಕಾಣಿಸಿಕೊಂಡಿತು. ಇಲಿ, ದನ, ನಾಯಿಗಳ ಮೂತ್ರದಲ್ಲಿರುವ ರೋಗಾಣು ನಿಂತ ನೀರಿಗೆ ಸೇರಿ, ಕಾಲಿನ ಬಿರುಕು ಅಥವಾ ತರಚುಗಾಯದ ಮೂಲಕ ದೇಹವನ್ನು ಹೊಗುತ್ತದೆ. ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ಬಳಿಕ ಜ್ವರ, ತೀವ್ರ ತಲೆನೋವು, ಕಣ್ಣು ಕೆಂಪಾಗುವಿಕೆ ತೋರುತ್ತವೆ. ಮೀನಖಂಡವನ್ನು ಮುಟ್ಟಿದರೆ ನೋಯುತ್ತದೆ. ಸೇವೆಗೆ ಹೋಗಿ ಊರಿಗೆ ಮರಳಿದ ಯುವಕನಿಗೆ ವಾರದ ಮೇಲೆ ಜ್ವರ ಬಂದರೆ, ಅವನು ಎಲ್ಲಿಗೆ ಹೋಗಿದ್ದನೆಂಬುದನ್ನು ಅರಸೀಕೆರೆಯ ವೈದ್ಯರು ಊಹಿಸಲಾರರು, ಅವನೇ ಹೇಳಬೇಕು. ಬೇಗ ಚಿಕಿತ್ಸೆ ಸಿಕ್ಕರೆ ಗುಣವಾಗುವ ಕಾಯಿಲೆಯಿದು, ತಡವಾದರೆ ಯಕೃತ್ತು, ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಕೆಸರಿನಲ್ಲಿ ದುಡಿಯುವವರಿಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವ ಪದ್ಧತಿಯಿದೆ. ಅದನ್ನು ವೈದ್ಯರ ಸಲಹೆಯಿಂದಲೇ ತೆಗೆದುಕೊಳ್ಳಬೇಕು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ತಾವಾಗಿ ಕೊಡಬಾರದು. ಮೊಣಕಾಲುವರೆಗಿನ ರಬ್ಬರ್ ಬೂಟು, ಕೈಗವಸು, ಹೊರಡುವ ಮುನ್ನ ಧನುರ್ವಾಯುವಿನ ಚುಚ್ಚುಮದ್ದು — ಇವಿಲ್ಲದೆ ಯಾರನ್ನೂ ಕೆಸರಿಗೆ ಇಳಿಸಬಾರದು. ಬರಿಗಾಲಿನ ಸೇವೆಯಲ್ಲಿ ಯಾವ ಹೆಚ್ಚಿನ ಪುಣ್ಯವೂ ಇಲ್ಲ.

ಡೆಂಗಿಯ ಸೊಳ್ಳೆ ಮಾತ್ರ ಪ್ರವಾಹದ ಕೆಸರಿಗಿಂತ ಆಮೇಲೆ ಉಳಿಯುವ ತಿಳಿನೀರನ್ನು ಬಯಸುತ್ತದೆ: ಎಳನೀರಿನ ಬುರುಡೆ, ಟಯರು, ಮಾಡಿಗೆ ಹೊದಿಸಿದ ಟಾರ್ಪಾಲಿನ ಮಡಿಕೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕಾದುದರಿಂದ ವಾರಕ್ಕೊಮ್ಮೆ ಅವನ್ನೆಲ್ಲ ಬರಿದುಮಾಡಿದರೆ ಸಾಕು.

ಮನೆಗೆ ಮರಳುವಾಗ ಮೇನ್ ಸ್ವಿಚ್ ಆರಿಸದೆ ಒಳಗೆ ಕಾಲಿಡಬಾರದು. ಬಿದ್ದ ತಂತಿಯನ್ನು ಲೈನ್‌ಮನ್ ಹೊರತು ಯಾರೂ ಮುಟ್ಟಬಾರದು. ನೆನೆದ ಹಂಚು, ಶೀಟಿನ ಮೇಲೆ ಒಬ್ಬರೇ ಹತ್ತಬಾರದು. ಜನರೇಟರನ್ನು ಮನೆಯೊಳಗೆ ಓಡಿಸಿದರೆ ಅದರ ಹೊಗೆಯಿಂದ ನಿದ್ದೆಯಲ್ಲಿಯೇ ಪ್ರಾಣ ಹೋಗಬಹುದು. ಪೆಟ್ಟಿಗೆ, ಸೌದೆ ರಾಶಿಗಳನ್ನು ಕೋಲಿನಿಂದ ತಟ್ಟಿದ ಬಳಿಕವೇ ಕೈಹಾಕಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಹೀರುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ದಿನನಿತ್ಯ ಔಷಧ ಸೇವಿಸುವವರ ಸಂಗತಿಯನ್ನು ಪರಿಹಾರ ಕಾರ್ಯದಲ್ಲಿ ಬಹುತೇಕ ಎಲ್ಲರೂ ಮರೆಯುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ, ಕ್ಷಯ, ಮಾನಸಿಕ ಕಾಯಿಲೆ, ಡಯಾಲಿಸಿಸ್ — ಈ ರೋಗಿಗಳ ಚಿಕಿತ್ಸೆ ನಾಲ್ಕು ದಿನ ತಪ್ಪಿದರೂ ಅಪಾಯ. ಕಾಳಜಿ ಕೇಂದ್ರಕ್ಕೆ ಬಂದವರ ಹೆಸರು ಬರೆದುಕೊಳ್ಳುವಾಗಲೇ ‘ದಿನವೂ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಬೇಕು. ವಿದ್ಯುತ್ತಿಲ್ಲದೆ ಫ್ರಿಜ್ ನಿಂತರೆ ಇನ್ಸುಲಿನ್ ಸೀಸೆಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಕುಡಿಕೆಯಲ್ಲಿ, ನೆರಳಿನಲ್ಲಿ ಇಡಬಹುದು. ಮಳೆಗಾಲಕ್ಕೆ ಮೊದಲೇ ಪ್ರತಿ ಮನೆಯಲ್ಲಿ ಎರಡು ವಾರದ ಔಷಧವೂ ವೈದ್ಯರ ಚೀಟಿಯೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸಿದ್ಧವಿರಬೇಕು.

ಕಳುಹಿಸುವ ಸಾಮಗ್ರಿಯ ಬಗ್ಗೆಯೂ ನಿಷ್ಠುರವಾಗಿ ಹೇಳಬೇಕಾಗಿದೆ. 2004ರ ಸುನಾಮಿಯ ಬಳಿಕ ತಮಿಳುನಾಡಿನ ನಾಗಪಟ್ಟಿಣದಲ್ಲಿ ದೇಶದ ಎಲ್ಲೆಡೆಯಿಂದ ಬಂದ ಹಳೆಯ ಬಟ್ಟೆ ರಸ್ತೆಬದಿಯಲ್ಲಿ ರಾಶಿ ಬಿದ್ದಿತ್ತು; ಮನೆ ಕಳೆದುಕೊಂಡ ಬೆಸ್ತರು ಅದನ್ನು ಮುಟ್ಟಲಿಲ್ಲ. ನಾವು ಉಡದ ಬಟ್ಟೆಯನ್ನು ಬೇರೆಯವರಿಗೆ ಕೊಡುವುದು ದಾಸೋಹವೆನಿಸದು. ಹೊಸ ಒಳಬಟ್ಟೆ, ಸ್ಯಾನಿಟರಿ ಪ್ಯಾಡು, ಸೊಳ್ಳೆಪರದೆ, ಸಾಬೂನು, ಮುಚ್ಚಳವಿರುವ ಬಿಂದಿಗೆ, ಬ್ಲೀಚಿಂಗ್ ಪುಡಿ, ಟಾರ್ಚು — ಇವು ಬೇಕಾದವು. ಹಸುಗೂಸುಗಳಿಗೆಂದು ಹಾಲಿನ ಪುಡಿಯ ಡಬ್ಬಗಳನ್ನು ಹಂಚಬಾರದು. ಕೆಟ್ಟ ನೀರಿನಲ್ಲಿ ಕಲಸಿದ ಆ ಹಾಲೇ ಮಗುವಿಗೆ ಭೇದಿ ತರುತ್ತದೆ. ತಾಯಿಗೆ ಊಟವೂ ಹಾಲೂಡಿಸಲು ಮರೆಯಾದ ಒಂದು ಮೂಲೆಯೂ ಸಿಗುವಂತೆ ಮಾಡಬೇಕು. ಹೊರಡುವ ಮುನ್ನ ಅಲ್ಲಿಯ ಪಂಚಾಯತಿಗೆ ದೂರವಾಣಿ ಮಾಡಿ ಏನು ಬೇಕೆಂದು ಕೇಳಿದರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಕೊನೆಯದಾಗಿ ಮನಸ್ಸಿನ ಗಾಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಲಾತೂರಿನ ಭೂಕಂಪ, ಒಡಿಶಾದ ಚಂಡಮಾರುತ, ಸುನಾಮಿಗಳ ಸಂತ್ರಸ್ತರ ನಡುವೆ ಕೆಲಸ ಮಾಡಿ, ಅಂಗನವಾಡಿ ಕಾರ್ಯಕರ್ತೆಯರಂಥ ಸಾಮಾನ್ಯರೂ ಕಲಿತು ಈ ಆರೈಕೆ ಮಾಡಬಲ್ಲರೆಂದು ತೋರಿಸಿಕೊಟ್ಟಿದ್ದಾರೆ. ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಗಾಳಿಯ ಸದ್ದಿಗೆ ಬೆಚ್ಚುವುದು, ಮಕ್ಕಳು ಹಾಸಿಗೆ ಒದ್ದೆಮಾಡುವುದು, ಕಾರಣವಿಲ್ಲದೆ ಸಿಡುಕುವುದು ಇವೆಲ್ಲ ಸಹಜ; ಹುಚ್ಚೆಂದು ಹೆದರಬೇಕಾಗಿಲ್ಲ. ಬಹುಮಂದಿಗೆ ಕ್ರಮೇಣ ಶಮನವಾಗುತ್ತದೆ.

ಸಾಂತ್ವನ ಹೇಳಲು ಹೋದವರ ನಾಲಗೆ ಇಲ್ಲಿ ಬಹಳ ಕೆಡುಕು ಮಾಡುತ್ತದೆ. ‘ಎಲ್ಲ ಕರ್ಮಫಲ’, ‘ಜೀವ ಉಳಿಯಿತಲ್ಲ, ಅಷ್ಟೇ ಸಾಕು’, ‘ಅಳಬೇಡಿ’ — ಈ ಮೂರು ಮಾತುಗಳನ್ನು ಆಡಲೇಬಾರದು. ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಬೇಕೆಂದು ಅರಸೀಕೆರೆಯ ಬೆಳೆಗಾರರು ಬಲ್ಲರು; ಬುಡಸಹಿತ ಉರುಳಿದ ತೋಟದ ಮುಂದೆ ನಿಂತವನಿಗೆ ‘ಜೀವ ಉಳಿಯಿತಲ್ಲ’ ಎಂದರೆ ಹೇಗೆ ಕೇಳಿಸುತ್ತದೆಂಬುದು ಅವರಿಗೆ ಗೊತ್ತು. ದೋಣಿ, ಬಲೆ ಕಳೆದುಕೊಂಡ ಮೀನುಗಾರನ ಅವಸ್ಥೆಯೂ ಅದೇ. 2017ರ ‘ಓಖಿ’ಯಲ್ಲಿ ಕನ್ಯಾಕುಮಾರಿ, ತಿರುವನಂತಪುರ ಕಡೆಯ ಎಷ್ಟೋ ಮೀನುಗಾರರ ದೇಹವೇ ಸಿಗಲಿಲ್ಲ. ಅಂಥ ಮನೆಯವರು ತಿಂಗಳಾದರೂ ಬಾಗಿಲು ನೋಡುತ್ತಿರುತ್ತಾರೆ; ‘ಇನ್ನು ಬರುವುದಿಲ್ಲ, ಕ್ರಿಯೆ ಮುಗಿಸಿಬಿಡಿ’ ಎಂದು ಅವಸರಪಡಿಸಬಾರದು. ಪಕ್ಕದಲ್ಲಿ ಕುಳಿತು, ಅವರು ಹೇಳಿದಷ್ಟನ್ನು ಕೇಳಿ, ಹೇಳದಿದ್ದರೆ ಸುಮ್ಮನಿರುವುದೇ ಸರಿಯಾದ ಕ್ರಮ.

ಕೈಗೆ ಕೆಲಸ ಸಿಕ್ಕರೆ ಮನಸ್ಸು ಬೇಗ ನೆಲೆಗೊಳ್ಳುತ್ತದೆ. ಕೇಂದ್ರದ ಅಡುಗೆಯನ್ನು ಹೊರಗಿನವರೇ ಮಾಡಿ ಬಡಿಸುವುದಕ್ಕಿಂತ, ಅಲ್ಲಿಯ ಹೆಂಗಸರೂ ಗಂಡಸರೂ ಕೂಡಿ ಮಾಡುವಂತೆ ಬಿಡುವುದು ಒಳ್ಳೆಯದು. ಕಾಯಕವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿಗೆ ಮರದ ಕೆಳಗಾದರೂ ಬೇಗ ಶಾಲೆ ನಡೆಯಬೇಕು.

ಒಂದು ತಿಂಗಳು ಕಳೆದರೂ ನಿದ್ದೆ, ಊಟ, ಕೆಲಸ ಹಳಿಗೆ ಬಾರದಿದ್ದರೆ, ಕುಡಿತ ಹೆಚ್ಚಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬಾಯಿಂದ ಬಂದರೆ ವೈದ್ಯರ ನೆರವು ಬೇಕೇ ಬೇಕು. ಇಂಥ ಮಾತನಾಡಿದವರನ್ನು ಒಂಟಿಯಾಗಿ ಬಿಡಬಾರದು. ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಾಮಾನ್ಯವಾಗಿ ಈ ಹೊತ್ತಿಗೆ ಲಾರಿಗಳು ನಿಂತಿರುತ್ತವೆ, ಪತ್ರಿಕೆಗಳು ಬೇರೆ ಸುದ್ದಿ ಬರೆಯುತ್ತಿರುತ್ತವೆ. ಮೊದಲ ವಾರ ಘಟ್ಟ ಇಳಿದು ಹೋಗಿಬಂದ ಯುವಕರು ತಾವು ಕಂಡ ಮನೆಗಳಿಗೆ ನಾಲ್ಕನೆಯ ವಾರದಲ್ಲಿ ಒಮ್ಮೆ ದೂರವಾಣಿ ಮಾಡಿ ವಿಚಾರಿಸಲಿ.