ಬ್ಯಾಂಕಿನ ಮೆಟ್ಟಿಲು ಹತ್ತುವ ಮುನ್ನ

ಅಮೆರಿಕಕ್ಕೆ ಓದಲು ಹೊರಟವರು ಮನೆಪತ್ರ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು ಒಂದು ಮಾತು ಕೇಳಿ. ಅಲ್ಲಿ ಪಿಎಚ್.ಡಿ.ಗೆ, ಅದರಲ್ಲೂ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ, ಸಾಮಾನ್ಯವಾಗಿ ಕೈಯಿಂದ ಫೀಸು ಕಟ್ಟಬೇಕಿಲ್ಲ. ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಬೋಧನಾ ಶುಲ್ಕ ಬಹುಪಾಲು ಮನ್ನಾ, ಮೇಲೊಂದಿಷ್ಟು ಸ್ಟೈಪೆಂಡ್. ಎಂ.ಎಸ್.ಗೆ ಈ ಭಾಗ್ಯ ಕಡಿಮೆ. ‘ಹೋದಮೇಲೆ ನೋಡಿಕೊಂಡರಾಯ್ತು’ ಎಂಬ ಲೆಕ್ಕಾಚಾರ ನನಗಂತೂ ಹಿಡಿಸದು.

ಅಸಿಸ್ಟೆಂಟ್‌ಶಿಪ್ ಕೇಳಿ ಪ್ರಾಧ್ಯಾಪಕರಿಗೆಲ್ಲ ಒಂದೇ ಇಮೇಲ್ ಎರಚಬೇಡಿ. ಅವರ ಇತ್ತೀಚಿನ ಪ್ರಬಂಧ ಓದಿ, ನಿಮ್ಮ ಕೆಲಸ ಅದಕ್ಕೆಲ್ಲಿ ಕೂಡುತ್ತದೆಂದು ನಾಲ್ಕು ಸಾಲಲ್ಲಿ ತಿಳಿಸಿ.

ಆಫರ್ ಪತ್ರ ಬಂತೇ? ಮೊತ್ತ ನೋಡಿ ಹಿಗ್ಗುವ ಮೊದಲು ಆರೋಗ್ಯ ವಿಮೆ, ಇತರೆ ಶುಲ್ಕಗಳು ಯಾರ ತಲೆಗೆ, ಬೇಸಿಗೆ ರಜೆಯಲ್ಲಿ ಸ್ಟೈಪೆಂಡ್ ಬರುತ್ತದೆಯೇ ಎಂದು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಎಫ್-1 ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಹಾಗಾಗಿ ಕೊರತೆಯನ್ನು ಬೇರೆ ಕೆಲಸದಿಂದ ತುಂಬುವುದು ಕಷ್ಟ. ಆತುರದ ಒಪ್ಪಿಗೆಯೂ ಬೇಡ: ಬಹಳಷ್ಟು ವಿಶ್ವವಿದ್ಯಾಲಯಗಳು ಉತ್ತರಕ್ಕಾಗಿ ಏಪ್ರಿಲ್ 15ರವರೆಗೆ ಕಾಯಲು ಒಪ್ಪಿವೆ.

ನಮ್ಮಲ್ಲೇ 1892ರಿಂದ ಜೆ.ಎನ್. ಟಾಟಾ ಎಂಡೋಮೆಂಟ್ ಇದೆ. ಅದಕ್ಕೂ ಅರ್ಜಿ ಹಾಕಿ. ಆದರೆ ಅದು ಸಾಲರೂಪದ ವಿದ್ಯಾರ್ಥಿವೇತನ, ತೀರಿಸಬೇಕಾದ್ದು.