ಕಡಲಂಚಿನಲ್ಲಿ ಸಿಹಿನೀರಿನ ಶೋಧ

ತಲಕಾವೇರಿಯಲ್ಲಿ ಹುಟ್ಟಿದ ನದಿಯು ಪೂಂಪುಹಾರಿನ ಬಳಿ ಕಡಲನ್ನು ಸೇರುವ ಮುಖಜಭೂಮಿಯಲ್ಲಿ ಒಂದು ಬಾವಿಯ ನೀರು ಸಿಹಿಯಾದರೆ ಸಮೀಪದ್ದೇ ಉಪ್ಪಾಗಿರಬಹುದು. ರಕ್ತದೊತ್ತಡವುಳ್ಳವರಿಗೆ ಅಂಥ ನೀರಿನ ನಿತ್ಯಸೇವನೆ ಹಿತವಲ್ಲ. ತೋಡುವ ಮುನ್ನವೇ ಇದನ್ನು ಊಹಿಸಲು ನೆರವಾಗುವುದು ವಿದ್ಯುತ್ ರೋಧಶೀಲತೆಯ ಅಳತೆ.

ನಾಲ್ಕು ಲೋಹದ ಗೂಟಗಳನ್ನು ಸಾಲಾಗಿ ನೆಟ್ಟು, ಹೊರಗಿನೆರಡರ ಮೂಲಕ ವಿದ್ಯುತ್ತನ್ನು ಹರಿಸಿ, ಒಳಗಿನೆರಡರ ನಡುವಣ ವೋಲ್ಟೇಜನ್ನು ಅಳೆಯುವರು. ಹೊರಗಿನ ಗೂಟಗಳನ್ನು ದೂರ ಸರಿಸಿದಷ್ಟೂ ಆಳದ ಪದರಗಳ ಸುಳಿವು ದೊರೆಯುತ್ತದೆ. ಕಡಲನೀರಿನ ರೋಧಶೀಲತೆ ಸುಮಾರು 0.2 ಓಮ್-ಮೀಟರ್, ಸಿಹಿನೀರು ತುಂಬಿದ ಮರಳಿನದು ಸಾಮಾನ್ಯವಾಗಿ 20ಕ್ಕೂ ಹೆಚ್ಚು.

ತೊಡಕಿರುವುದು ಜೇಡಿಮಣ್ಣಿನಲ್ಲಿ. ಸಿಹಿನೀರಿನಿಂದ ನೆನೆದ ಜೇಡಿಯೂ ಸವಳುನೀರಿನ ಮರಳೂ ಒಂದೇ ಅಂಕಿಯನ್ನು ಕೊಡಬಲ್ಲವು! ಯಂತ್ರ ಕಾಣುವುದು ರೋಧವನ್ನು, ನೀರನ್ನಲ್ಲ. ಊರಿನಲ್ಲಿ ಕೊಳವೆಬಾವಿಗೆ ಹಣ ಕಳುಹಿಸುವವರು, ನೆರೆಯ ಬಾವಿಯ ಮಣ್ಣಿನ ಪದರಗಳೊಡನೆ ಈ ಅಂಕಿಗಳನ್ನು ತಾಳೆನೋಡಲಾಗಿದೆಯೇ ಎಂದು ಮೊದಲು ವಿಚಾರಿಸಬೇಕು. ಸಿಹಿನೀರು ಸಿಕ್ಕ ಮೇಲೂ ಮಿತಿಮೀರಿ ಎತ್ತಿದರೆ ಅಡಿಯ ಉಪ್ಪುನೀರು ಮೇಲೇರಿ ಬರುತ್ತದೆ.